ಆಟದ ಟ್ಯಾಂಕಿಗೆ ಯಾವ ಅಂಟು?

ಡೊಂಬಿವಲಿಯ ಘರ್ಡಾ ಸರ್ಕಲ್‌ನಲ್ಲಿ ನಿಲ್ಲಿಸಿರುವ ಟಿ-55 ಟ್ಯಾಂಕನ್ನು ನೋಡಿ, ಅಂಥದ್ದೇ ಪುಟ್ಟದೊಂದನ್ನು ಜೋಡಿಸಿ ದಾಳ ಉರುಳಿಸುವ ಮೇಜಿನ ಯುದ್ಧದಾಟಕ್ಕೆ ಇಳಿಸಬೇಕೆಂದು ಹೊರಡುವವರು ಸಾಮಾನ್ಯವಾಗಿ ಎಡವುವುದು ಒಂದೇ ಕಡೆ. ಗಾಜಿನ ಕಪಾಟಿನಲ್ಲಿಡುವ ಮಾದರಿಯ ಹಾಗೆಯೇ ಇದನ್ನೂ ಮಾಡಲು ಹೋಗುತ್ತಾರೆ. ಆಟದ ಟ್ಯಾಂಕನ್ನು ಸಂಜೆಗೆ ನೂರು ಸಲ ಎತ್ತಿಡುತ್ತಾರೆ. ಡಬ್ಬಿಯಲ್ಲಿ ಹಾಕಿ ಕಲ್ಯಾಣ್‌ನಿಂದ ಥಾಣೆಗೆ ಲೋಕಲ್ ಗಾಡಿಯ ನೂಕುನುಗ್ಗಲಿನಲ್ಲಿ ಒಯ್ಯುತ್ತಾರೆ. ಹಾಗಾಗಿ ಗಟ್ಟಿತನ ಮೊದಲು, ಕುಸುರಿ ಆಮೇಲೆ. ಅಳತೆಯನ್ನು ಜೊತೆಗಾರರು ಆಡುವುದಕ್ಕೆ ಹೊಂದಿಸಿಕೊಳ್ಳಿ. ನಿಜವಾದ ಟಿ-55ರ ಒಡಲು ಸುಮಾರು 6.45 ಮೀಟರ್ ಉದ್ದ. ಅದು 1:100ರಲ್ಲಿ ಆರೂವರೆ, 1:72ರಲ್ಲಿ ಒಂಬತ್ತು, 1:56ರಲ್ಲಿ ಹನ್ನೊಂದೂವರೆ ಸೆಂಟಿಮೀಟರ್ ಆಗುತ್ತದೆ. 1:35ರ ಕಿಟ್ ಎಷ್ಟೇ ಚೆಂದವಿದ್ದರೂ ಅದು ಕಪಾಟಿಗೇ ಸರಿ.

ಬಿಡಿಭಾಗಗಳನ್ನು ಚೌಕಟ್ಟಿನಿಂದ ತಿರುಚಿ ಕೀಳಬೇಡಿ, ಚಿಕ್ಕ ಕಟರ್‌ನಿಂದ ಕತ್ತರಿಸಿ ಉಳಿದ ಮೊಳೆಯನ್ನು ಅರದಿಂದ ಉಜ್ಜಿ. ಅಚ್ಚಿನ ಎಣ್ಣೆ ಹೋಗುವಂತೆ ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ತೊಳೆದು ಒಣಗಿಸಿ. ಕೆಳಗಿನ ಒಡಲಿಗೆ ಚಕ್ರಗಳನ್ನು ಕೂರಿಸುವಾಗ ನಿಧಾನಿಸಿ. ಟಿ-55ಕ್ಕೆ ಒಂದೊಂದು ಬದಿಗೆ ಐದು ಚಕ್ರ, ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಅಗಲವಾದ ಸಂದು. ಇದೇ ಅದರ ಗುರುತು. ಅನುಮಾನವಿದ್ದರೆ ಘರ್ಡಾ ಸರ್ಕಲ್‌ಗೆ ಹೋಗಿ ನೋಡಿ ಬರಬಹುದು. ಅಂಟು ಹಸಿಯಿರುವಾಗಲೇ ಒಡಲನ್ನು ಗಾಜಿನ ಮೇಲಿಟ್ಟು ಹತ್ತೂ ಚಕ್ರಗಳು ನೆಲ ಮುಟ್ಟುವಂತೆ ಸರಿಪಡಿಸಿ, ಒಂದು ರಾತ್ರಿ ಬಿಡಿ. ಅದಾದ ಮೇಲೆ ಸರಪಳಿ ಪಟ್ಟಿ, ಮೇಲಿನ ಒಡಲು, ಕೊನೆಗೆ ಗೋಪುರ.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ಟ್ಯಾಂಕು ಎರಡನೇ ಆಟಕ್ಕೇ ಬಿಚ್ಚಿಕೊಂಡರೆ ತಪ್ಪು ಅಂಟಿನದು. ಪಾಲಿಸ್ಟೈರೀನ್ ಪ್ಲಾಸ್ಟಿಕ್ಕಿಗೆ ಫೆವಿಕ್ವಿಕ್ ಬಗೆಯ ದಿಢೀರ್ ಅಂಟು ತಕ್ಕದ್ದಲ್ಲ. ಅದು ಎಳೆತಕ್ಕೆ ನಿಲ್ಲುತ್ತದೆ, ಪೆಟ್ಟಿಗೆ ನಿಲ್ಲುವುದಿಲ್ಲ. ಮೇಲಾಗಿ ಅದು ಗಟ್ಟಿಯಾಗುವುದೇ ತೇವದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಈ ಭಾಗದ ಗಾಳಿಯಲ್ಲಿ ತೇವಕ್ಕೇನು ಬರ? ಚಕ್ರ ನೇರ ಮಾಡುವಷ್ಟರಲ್ಲಿ ಅಂಟು ಹಿಡಿದಿರುತ್ತದೆ, ಅದರ ಆವಿ ಸುತ್ತಲೂ ಬಿಳಿ ಮಸುಕು ಕೂರಿಸಿರುತ್ತದೆ. ಪ್ಲಾಸ್ಟಿಕ್ ಸಿಮೆಂಟ್ ಹಾಗಲ್ಲ. ಅದು ಎರಡೂ ಅಂಚುಗಳನ್ನು ತುಸು ಕರಗಿಸಿ ಒಂದಾಗಿ ಬೆಸೆಯುತ್ತದೆ. ‘ರಾತ್ರಿಯಿಡೀ ಕಾಯುವವರು ಯಾರು, ಮೂಲೆಯಂಗಡಿಯಲ್ಲಿ ಸಿಗುವುದು ಫೆವಿಕ್ವಿಕ್ಕೇ ಅಲ್ಲವೇ’ ಎನ್ನಬಹುದು. ಚಕ್ರ ಸರಿಪಡಿಸಲು ಸಮಯ ಸಿಗುವುದೇ ಆ ನಿಧಾನದಿಂದ. ಇನ್ನು, ಆನ್‌ಲೈನ್‌ನಲ್ಲಿ ತರಿಸಿದ ಒಂದು ಸಣ್ಣ ಬಾಟಲಿ ಹಲವು ಟ್ಯಾಂಕುಗಳಿಗೆ ಸಾಕು. ಕಿಟ್ ರೆಸಿನ್‌ನದಾಗಿದ್ದರೆ ಅಥವಾ ತ್ರೀಡಿ ಪ್ರಿಂಟರ್‌ನಲ್ಲಿ ತೆಗೆದದ್ದಾದರೆ ಮಾತು ತಿರುಗುತ್ತದೆ. ಅಲ್ಲಿ ಈ ಸಿಮೆಂಟ್ ಕೆಲಸ ಮಾಡದು, ದಿಢೀರ್ ಅಂಟೇ ಗತಿ. ಲೋಹದ ನಳಿಗೆಗೂ ಅದೇ. ಆದರೆ ಆಕ್ರಿಲಿಕ್ ಹಾಳೆಯ ಅಂಗಡಿಯವರು ಬಳಸುವ ಕ್ಲೋರೋಫಾರ್ಮನ್ನು ಅಗ್ಗವೆಂದು ಮನೆಗೆ ತರಲೇಬೇಡಿ. ಒಂದೇ ಕೋಣೆಯಲ್ಲಿ ಮಕ್ಕಳು ಓದುವ, ಮಲಗುವ ಫ್ಲ್ಯಾಟಿನಲ್ಲಿ ಅದರ ಆವಿ ಆಟದ ವಿಷಯವಲ್ಲ. ಸಿಮೆಂಟಿಗೂ ಕಿಟಕಿ ತೆರೆದಿರಲಿ.

ಉಳಿದದ್ದು ಚುಟುಕಾಗಿ. ಗೋಪುರಕ್ಕೆ ಅಂಟು ಹಾಕಬೇಡಿ, ಅದು ತಿರುಗಬೇಕು. ನಳಿಗೆ ಎತ್ತ ನೋಡುತ್ತಿದೆ ಎಂಬುದು ಆಟದಲ್ಲಿ ಎದುರಾಳಿಗೂ ಕಾಣಬೇಕು. 1971ರ ಯುದ್ಧದ ಟ್ಯಾಂಕು ಬೇಕಿದ್ದರೆ ಹೊಗೆ ಹೀರುವ ಉಬ್ಬು ನಳಿಗೆಯ ತುದಿಯಲ್ಲಿರಲಿ. ಅದು ನಡುವಿಗೆ ಬಂದದ್ದು ಆಮೇಲೆ, 100 ಮಿ.ಮೀ. ತೋಪಿನ ಜಾಗಕ್ಕೆ 105 ಮಿ.ಮೀ. ತೋಪು ಕೂರಿಸಿದಾಗ. ಬಣ್ಣ ಆಲಿವ್ ಹಸಿರು, ಮೇಲೊಂದು ಹೊಳಪಿಲ್ಲದ ವಾರ್ನಿಷ್. ಮಳೆಗಾಲದಲ್ಲಿ ಪ್ರೈಮರ್‌ನ ಸ್ಪ್ರೇ ಡಬ್ಬಿ ಮುಟ್ಟಬೇಡಿ, ತೇವಕ್ಕೆ ಪದರ ಬೆಳ್ಳಗಾಗುತ್ತದೆ. ಬ್ರಷ್‌ನಲ್ಲೇ ಹಚ್ಚಿ, ಇಲ್ಲವೇ ದಸರೆಯವರೆಗೆ ಕಾಯಿರಿ.