ಬಿಡದವನನ್ನು ಬದುಕಿಸುವುದು ತಪ್ಪೇ?



ಮಾದಕ ವಸ್ತುವಿನ ಚಟಕ್ಕೆ ಬಿದ್ದ ಮಗನಿಗೆ, "ಮೊದಲು ಅದನ್ನು ಬಿಡು, ಆಮೇಲೆ ಮನೆಯ ಮೆಟ್ಟಿಲು ಹತ್ತು" ಎನ್ನುವ ತಂದೆತಾಯಿಯರನ್ನು ನೀವು ಕಂಡಿರಬಹುದು. ಅವರ ನೋವು ನಿಜವಾದದ್ದು. ಆದರೆ ಅವನು ಅದನ್ನು ಬಿಡುವ ದಿನದವರೆಗೆ ಬದುಕಿರಬೇಕಲ್ಲವೇ? ಈ ಪ್ರಶ್ನೆ ಒಮ್ಮೆ ಧರ್ಮಸಭೆಯ ಮುಂದೆಯೂ ಬಂದು ನಿಂತಿತ್ತು.

ಆಸ್ಟ್ರೇಲಿಯಾದ ಸಿಡ್ನಿ ನಗರದ ಕಿಂಗ್ಸ್ ಕ್ರಾಸ್ ಬಡಾವಣೆಯಲ್ಲಿ 1990ರ ದಶಕದಲ್ಲಿ ಅನೇಕರು ಹೆರಾಯಿನ್ ಚುಚ್ಚಿಕೊಂಡು ಸಾಯುತ್ತಿದ್ದರು. ಹೆರಾಯಿನ್ ಪ್ರಮಾಣ ಮೀರಿದರೆ ಉಸಿರು ನಿಧಾನವಾಗುತ್ತಾ ನಿಂತೇ ಹೋಗುತ್ತದೆ. ಪಕ್ಕದಲ್ಲಿದ್ದವರು ಕೂಡಲೇ ಆಮ್ಲಜನಕ ಮತ್ತು ನಲಾಕ್ಸೋನ್ ಎಂಬ ಮದ್ದನ್ನು ಕೊಟ್ಟರೆ ಜೀವ ಉಳಿಯಬಹುದು. ಆದ್ದರಿಂದ ದಾದಿಯರ ಕಣ್ಣೆದುರಿಗೇ ಚುಚ್ಚಿಕೊಳ್ಳುವಂತಹ ಒಂದು ಕೇಂದ್ರವನ್ನು ಪ್ರಯೋಗಕ್ಕಾಗಿ ತೆರೆಯಲು 1999ರಲ್ಲಿ ಅಲ್ಲಿನ ರಾಜ್ಯ ಸರ್ಕಾರ ಒಪ್ಪಿತು. ಅದನ್ನು ನಡೆಸಲು ಮುಂದೆ ಬಂದವರು ಸಂತ ವಿನ್ಸೆಂಟರ ಆಸ್ಪತ್ರೆಯನ್ನು ಸ್ಥಾಪಿಸಿದ ಕಥೋಲಿಕ ಧರ್ಮಭಗಿನಿಯರು. ಆದರೆ ಹಿಂದೆ ಸರಿಯುವಂತೆ ಅದೇ ವರ್ಷ ವ್ಯಾಟಿಕನ್ನಿನಿಂದ ಆದೇಶ ಬಂತು. ಭಗಿನಿಯರು ವಿಧೇಯರಾದರು. ಯುನೈಟಿಂಗ್ ಚರ್ಚ್ ಆ ಕೆಲಸವನ್ನು ವಹಿಸಿಕೊಂಡು 2001ರ ಮೇ ತಿಂಗಳಲ್ಲಿ ಕೇಂದ್ರವನ್ನು ತೆರೆಯಿತು. 2021ರಲ್ಲಿ 20 ವರ್ಷ ತುಂಬುವಾಗ, ಪ್ರಮಾಣ ಮೀರಿದ ಸಾವಿರಾರು ಪ್ರಕರಣಗಳನ್ನು ಕಂಡಿದ್ದ ಆ ಕೇಂದ್ರದೊಳಗೆ ಒಬ್ಬರೂ ಸತ್ತಿರಲಿಲ್ಲ.

ಹಾಗಾದರೆ ತಡೆದದ್ದೇಕೆ? ಚಿಕಿತ್ಸೆಗಲ್ಲದೆ ಮಾದಕ ವಸ್ತು ಸೇವಿಸುವುದು ಗಂಭೀರ ದೋಷವೆಂಬುದು ಧರ್ಮಸಭೆಯ ಬೋಧನೆ. ಕೇಡಿನ ಉದ್ದೇಶದಲ್ಲೇ ಪಾಲುಗೊಳ್ಳುವುದು ಎಂದಿಗೂ ಸಲ್ಲದು. ಉದ್ದೇಶದಲ್ಲಿ ಪಾಲಿಲ್ಲದೆ, ನಮ್ಮ ಕೆಲಸ ಪರರ ತಪ್ಪಿಗೆ ಹೇಗೋ ತಗುಲಿಕೊಂಡಾಗ ಮಾತ್ರ ಕಾರಣದ ತೂಕವನ್ನೂ ಜನರಿಗೆ ಆಗಬಹುದಾದ ದುರ್ಮಾದರಿಯನ್ನೂ ಅಳೆದು ನೋಡಬೇಕು. ಆ ಅಳತೆಯಲ್ಲಿಯೇ ಭಿನ್ನಾಭಿಪ್ರಾಯ ಮೂಡಿತು. ಚಟ ಒಳ್ಳೆಯದೆಂದು ಯಾರೂ ಹೇಳಲಿಲ್ಲ.

ಅಮೆರಿಕದ ಆಲ್ಬನಿ ಧರ್ಮಪ್ರಾಂತ್ಯದಲ್ಲಿ ಅಳತೆ ಇನ್ನೊಂದು ಕಡೆಗೆ ವಾಲಿತು. ಅಲ್ಲಿನ ಕಥೋಲಿಕ ಸೇವಾಸಂಸ್ಥೆ 2010ರಲ್ಲಿ, ಧರ್ಮಾಧ್ಯಕ್ಷರ ಒಪ್ಪಿಗೆಯೊಂದಿಗೆ, ಬಳಸಿದ ಸೂಜಿ ಪಡೆದು ಹೊಸದನ್ನು ಕೊಡಲು ಆರಂಭಿಸಿತು. ಒಂದೇ ಸೂಜಿಯನ್ನು ಹಲವರು ಬಳಸಿದರೆ ಎಚ್‌ಐವಿ, ಕಾಮಾಲೆ ಸೋಂಕುಗಳು ಹರಡುತ್ತವೆ. ಏನೂ ತಪ್ಪು ಮಾಡದ ಹೆಂಡತಿ ಮಕ್ಕಳಿಗೂ ತಗಲಬಹುದು. ಭಾರತದಲ್ಲಿಯೂ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದಡಿ ಇಂಥ ಸೇವೆ ಇದೆ.

ಜಗದ್ಗುರು ಫ್ರಾನ್ಸಿಸ್ ಅವರು 2014ರಲ್ಲಿ ಮಾದಕ ವಸ್ತುಗಳನ್ನು ಕಾನೂನುಬದ್ಧಗೊಳಿಸುವುದನ್ನು ಸ್ಪಷ್ಟವಾಗಿ ವಿರೋಧಿಸಿದರು. ಅವರೇ 2016ರಲ್ಲಿ, ಚಟಕ್ಕೆ ಬಿದ್ದ ಪ್ರತಿಯೊಬ್ಬನಿಗೂ ತನ್ನದೇ ಆದ ಕಥೆಯಿದೆ, ಅವನ ಮಾತನ್ನು ಕೇಳಬೇಕು, ಅವನನ್ನು ಪ್ರೀತಿಸಬೇಕು ಎಂದರು. ಕೇಡಿಗೆ ಬೇಡವೆನ್ನುವುದು, ಮನುಷ್ಯನನ್ನು ಕೈಬಿಡದಿರುವುದು ಎರಡೂ ಒಟ್ಟಿಗೆ ಸಾಗಬೇಕು.

ನಮ್ಮ ಮನೆಗಳಲ್ಲಿ ಮಾಡಬಹುದಾದದ್ದೇನು? ಚಟಕ್ಕೆ ಹಣ ಕೊಡಬೇಡಿ. ಆದರೆ ಮಾತು ಬಿಡಬೇಡಿ. ಅವನು ಎಚ್ಚರ ತಪ್ಪಿ, ತುಟಿ ನೀಲಿಗಟ್ಟಿ, ಉಸಿರು ನಿಧಾನವಾಗಿದ್ದರೆ "ಮಲಗಿದ್ದಾನೆ" ಎಂದು ಸುಮ್ಮನಿರಬೇಡಿ. ತಕ್ಷಣ ಆಸ್ಪತ್ರೆಗೆ ಕೊಂಡೊಯ್ಯಿರಿ. ಮರ್ಯಾದೆಗೆ ಅಂಜದೆ ಏನು ಸೇವಿಸಿದ್ದಾನೆಂದು ವೈದ್ಯರಿಗೆ ಹೇಳಿರಿ. ಸ್ವಇಚ್ಛೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ, ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ, 1985ರ ಮಾದಕ ವಸ್ತು ಕಾಯಿದೆಯ 64ಎ ವಿಧಿಯು ಷರತ್ತುಗಳೊಂದಿಗೆ ರಕ್ಷಣೆ ಕೊಡುತ್ತದೆ ಎಂಬುದೂ ತಿಳಿದಿರಲಿ.

ದುಂದುಗಾರ ಮಗ ತಂದೆಯ ಬಳಿಗೆ ಮರಳಿದ ಕಥೆ ನಮಗೆಲ್ಲ ಗೊತ್ತು. ಅವನು ದೂರದೇಶದಲ್ಲೇ ಹಸಿವಿನಿಂದ ಸತ್ತಿದ್ದರೆ ಆ ತಂದೆ ಯಾರನ್ನು ಅಪ್ಪಿಕೊಳ್ಳುತ್ತಿದ್ದರು?

ಕುಟುಂಬದಲ್ಲಿ ಚಿಂತನೆಗೆ:
1. ತಪ್ಪನ್ನು ಒಪ್ಪದೆಯೇ ತಪ್ಪಿತಸ್ಥನಿಗೆ ನೆರವಾದ ಸಂದರ್ಭ ನಮ್ಮ ಮನೆಯಲ್ಲಿ ಬಂದಿದೆಯೇ?
2. ನಮ್ಮ ಧರ್ಮಕೇಂದ್ರದಲ್ಲಿ ಇಂಥ ಕುಟುಂಬವೊಂದು ನಾಚಿಕೆಯಿಲ್ಲದೆ ಯಾರ ಬಳಿ ಮಾತಾಡಬಲ್ಲದು?