ಪರಮಪದ ಸೋಪಾನಪಟ

ಹಾವು ಏಣಿಯ ಆಟವನ್ನು ಆಡದವರು ನಮ್ಮಲ್ಲಿ ವಿರಳ. ಅಂಗಡಿಯಿಂದ ತಂದ ಅಚ್ಚಿನ ಹಾಳೆಯ ಮೇಲೆ ನೂರು ಮನೆಗಳು. ಏಣಿಯ ಬುಡ ಸಿಕ್ಕರೆ ಏರಬೇಕು, ಹಾವಿನ ಬಾಯಿಗೆ ಸಿಕ್ಕರೆ ಇಳಿಯಬೇಕು. ಈ ಮನೆಯಲ್ಲಿಯೇ ಹಾವು ಏಕಿದೆ ಎಂದು ಕೇಳಿದರೆ ಆ ಹಾಳೆ ಉತ್ತರ ಹೇಳದು. ಅದಕ್ಕೆ ಮೂಲವಾದ, ಕೈಯಿಂದ ಬರೆದ ಹಳೆಯ ಪಟವಾದರೋ ಪ್ರತಿಯೊಂದು ಹಾವಿಗೂ ಕಾರಣ ಕೊಡುತ್ತಿತ್ತು.

ಈ ಪಟಕ್ಕೆ ಪ್ರಾಂತಕ್ಕೊಂದು ಹೆಸರು. ನಮ್ಮ ಕಡೆ ಪರಮಪದ ಸೋಪಾನಪಟ, ತೆಲುಗರಲ್ಲಿ ವೈಕುಂಠಪಾಳಿ, ಮಹಾರಾಷ್ಟ್ರದಲ್ಲಿ ಮೋಕ್ಷಪಟ, ಉತ್ತರದಲ್ಲಿ ಜ್ಞಾನಚೌಪಡ್. ವೈಕುಂಠ ಏಕಾದಶಿಯ ರಾತ್ರಿ ಜಾಗರಣೆ ಮಾಡುವವರು ನಿದ್ರೆಯನ್ನು ಗೆಲ್ಲಲು ಇದನ್ನು ಆಡುವ ರೂಢಿ ದಕ್ಷಿಣದಲ್ಲಿದೆ. ಸಂತ ಜ್ಞಾನೇಶ್ವರರೇ ಇದನ್ನು ರಚಿಸಿದರೆಂಬ ಪ್ರತೀತಿಯುಂಟು. ಆದರೆ ಅದಕ್ಕೆ ಗಟ್ಟಿಯಾದ ಆಧಾರ ದೊರೆತಿಲ್ಲ. ಈಗ ಉಳಿದಿರುವ ಪಟಗಳಲ್ಲಿ ಹೆಚ್ಚಿನವು ೧೮ ಮತ್ತು ೧೯ನೆಯ ಶತಮಾನಗಳಿಗೆ ಸೇರಿದವು.

ಬಟ್ಟೆಯ ಮೇಲೋ ಕಾಗದದ ಮೇಲೋ ಚಿತ್ರಕಾರನು ಮೊದಲು ಮನೆಗಳ ಗೆರೆ ಎಳೆಯುತ್ತಿದ್ದನು. ಇಂಗಳಿಕದ ಕೆಂಪು, ಹರಿದಾಳದ ಹಳದಿ, ನೀಲಿಗಿಡದ ನೀಲಿ, ದೀಪದ ಕಾಡಿಗೆಯ ಕಪ್ಪು ಇವನ್ನು ಗೋಂದಿನಲ್ಲಿ ಕಲಸಿದರೆ ಬಣ್ಣ ಸಿದ್ಧ. ಕಷ್ಟವಿದ್ದುದು ಹಾವುಗಳನ್ನು ಹೊಂದಿಸುವುದರಲ್ಲಿ. ಪ್ರತಿ ಮನೆಯಲ್ಲಿಯೂ ಒಂದು ಹೆಸರನ್ನು ಬರೆಯಬೇಕು. ಹಾವಿನ ಮೈ ಬಳುಕುತ್ತ ಹಲವು ಮನೆಗಳನ್ನು ಹಾಯಬೇಕು. ಆದರೂ ಅದು ಅಕ್ಷರವನ್ನು ನುಂಗಬಾರದು. ಒಂದರ ಮೈಗೆ ಚುಕ್ಕೆ, ಇನ್ನೊಂದಕ್ಕೆ ಪಟ್ಟೆ ಹಾಕಿದರೆ ಮಾತ್ರ ಯಾವ ತಲೆಗೆ ಯಾವ ಬಾಲವೆಂಬುದು ಆಡುವವರ ಕಣ್ಣಿಗೆ ತಿಳಿಯುತ್ತಿತ್ತು. ಅಲಂಕಾರವೆಂದು ನಾವು ಮೆಚ್ಚುವುದು ಇಲ್ಲಿ ಆಟದ ಅಗತ್ಯವೂ ಆಗಿದೆ.

೭೨ ಮನೆಗಳ ವೈಷ್ಣವ ಪಟವೊಂದನ್ನು ನೋಡೋಣ. ಸಾಲಿಗೆ ಒಂಬತ್ತರಂತೆ ಎಂಟು ಸಾಲುಗಳು. ಕೆಳಗಿನ ಎಡತುದಿಯಲ್ಲಿ ಮೊದಲ ಮನೆ ಜನ್ಮ. ಅದರ ಬಳಿಯಲ್ಲಿಯೇ ಮಾಯೆ, ಕ್ರೋಧ, ಲೋಭ. ಎತ್ತು ಉಳುವಂತೆ ಒಂದು ಸಾಲು ಬಲಕ್ಕೆ, ಮುಂದಿನದು ಎಡಕ್ಕೆ ಸಾಗುತ್ತದೆ. ಗುರಿಯಾದ ವೈಕುಂಠವು ೬೮ನೆಯ ಮನೆ, ಮೇಲಿನ ಸಾಲಿನ ನಟ್ಟನಡುವೆ. ೫೪ನೆಯ ಮನೆ ಭಕ್ತಿ. ಅಲ್ಲಿಂದ ಏಣಿ ನೇರವಾಗಿ ವೈಕುಂಠಕ್ಕೇ ಏರುತ್ತದೆ. ಆದರೆ ಅದರ ನೆತ್ತಿಯ ಮೇಲಿರುವ ೫೫ನೆಯ ಮನೆ ಯಾವುದು? ಅಹಂಕಾರ! ಅಲ್ಲಿಯ ಹಾವು ಕಾಯಿಯನ್ನು ೩ನೆಯ ಮನೆಯಾದ ಕ್ರೋಧಕ್ಕೆ ಇಳಿಸಿಬಿಡುತ್ತದೆ. ಕವಡೆಯ ಒಂದೇ ಒಂದು ಗರದ ಅಂತರ. ವೈಕುಂಠವನ್ನು ದಾಟಿ ಮುಂದೆ ಹೋದವನಿಗೂ ನೆಮ್ಮದಿಯಿಲ್ಲ. ೭೨ನೆಯ ಮನೆಯಾದ ತಮೋಗುಣದ ಹಾವು ಅವನನ್ನು ಮರಳಿ ಭೂಮಿಗೆ ತಳ್ಳುತ್ತದೆ. ಮನೆಗಳನ್ನು ಹೀಗೆ ಜೋಡಿಸಿದವನು ಮನುಷ್ಯಸ್ವಭಾವವನ್ನು ಬಲ್ಲವನಾಗಿರಬೇಕು.

ಈ ಆಟ ಒಂದೇ ಮತದ ಸೊತ್ತಲ್ಲ. ಜೈನರಲ್ಲಿ ೮೪ ಮನೆಗಳ ಪಟಗಳಿವೆ. ಸೂಫಿಗಳ ಪಟದಲ್ಲಿ ನೂರು ಮನೆಗಳನ್ನು ಹಾಯ್ದು ಭಗವಂತನ ಸಿಂಹಾಸನವನ್ನು ಸೇರಬೇಕು. ಹಾವು ಏಣಿಗಳು ಅವೇ. ಹೆಸರುಗಳು ಮಾತ್ರ ಬೇರೆ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಇಂಥ ಆಟಗಳಿಗೆ ಆಸ್ಥಾನದ ಮನ್ನಣೆ ನೀಡಿದರು. ೧೮೩೧ರಲ್ಲಿ ಆಡಳಿತವು ಬ್ರಿಟಿಷರ ಕೈಸೇರಿದ ಮೇಲೆ ಅವರಿಗೆ ಉಳಿದುದು ವಿದ್ಯೆ ಮತ್ತು ಕಲೆಗಳ ರಾಜ್ಯ. ಅವರ ಶ್ರೀತತ್ತ್ವನಿಧಿಯ ಕೊನೆಯ ಭಾಗವಾದ ಕೌತುಕನಿಧಿ ಆಟಗಳಿಗೆ ಮೀಸಲು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೂ ಆಟದ ಪಟಗಳನ್ನು ಬರೆಯಲಾಗಿದೆ.

೧೯ನೆಯ ಶತಮಾನದ ಕೊನೆಯಲ್ಲಿ ಈ ಆಟ ಇಂಗ್ಲೆಂಡನ್ನು ಸೇರಿತು. ವೈಕುಂಠ ಅಳಿಸಿಹೋಯಿತು; ಅದರ ಜಾಗದಲ್ಲಿ ಮಿತವ್ಯಯದ ಏಣಿ, ಆಲಸ್ಯದ ಹಾವು ಬಂದವು. ಬರಬರುತ್ತ ಆ ಮಾತುಗಳೂ ಉದುರಿ ಬರಿಯ ಅಂಕಿಗಳು ಉಳಿದವು. ಅಚ್ಚಿನ ಆ ಹಾಳೆಯೇ ನಮ್ಮ ಮನೆಗಳಿಗೆ ಮರಳಿತು.

ಕೈಯಿಂದ ಬರೆದ ಪಟವು ಆಡಿದಷ್ಟೂ ಸವೆಯುವ ವಸ್ತು. ಮಡಿಕೆಗಳಲ್ಲಿ ಹರಿದು ಬಣ್ಣ ಮಾಸಿದಾಗ ಹಳೆಯದನ್ನು ಮುಂದಿಟ್ಟುಕೊಂಡು ಹೊಸದನ್ನು ಬರೆಯಬೇಕಾಗಿತ್ತು. ಹೀಗೆ ಬರೆಯುವ ಕೈಗೆ ಕೆಲಸವಿರುತ್ತಿತ್ತು. ಅಗ್ಗದ ಅಚ್ಚು ಬಂದ ಮೇಲೆ ಆ ಅಗತ್ಯ ಕಡಿಮೆಯಾಯಿತು. ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಇಂದು ನಾವು ಕಾಣುವ ಅಂದವಾದ ಪಟಗಳಲ್ಲಿ ಬಹುಪಾಲು, ಹೆಚ್ಚು ಆಡದೆ ಎತ್ತಿಟ್ಟಿದ್ದರಿಂದಲೇ ಉಳಿದವು.