ಜೋಡಿ ಸೈಕಲ್ಲಿಗೆ ಟೈರು, ದಾರಿಗೆ ಬುತ್ತಿ

ಇಬ್ಬರು ಒಬ್ಬರ ಹಿಂದೊಬ್ಬರು ಕುಳಿತು ತುಳಿಯುವ ಟ್ಯಾಂಡಂ ಸೈಕಲ್ಲಿನಲ್ಲಿ ಮುಂದಿನವನಿಗೆ ದಾರಿ ಕಾಣುತ್ತದೆ, ಹ್ಯಾಂಡಲೂ ಬ್ರೇಕೂ ಅವನ ಕೈಯಲ್ಲಿರುತ್ತವೆ. ಹಿಂದಿನವರಿಗಾದರೋ ಎದುರಿಗಿರುವುದು ಮುಂದಿನವನ ಬೆನ್ನು ಮಾತ್ರ. ದೃಷ್ಟಿಯನ್ನು ಕಳೆದುಕೊಂಡ ನನ್ನ ಅಣ್ಣನನ್ನು ಹಿಂದೆ ಕೂರಿಸಿಕೊಂಡು ಹಲವು ವರ್ಷಗಳಿಂದ ಊರೂರು ಸುತ್ತುತ್ತಿರುವ ನನಗೆ, ಈ ವಾಹನದ ಟೈರನ್ನು ಆರಿಸುವಲ್ಲಿ ಲಘುತ್ವವನ್ನೂ ವೇಗವನ್ನೂ ಹಿಂದಕ್ಕಿಟ್ಟು ದಾರ್ಢ್ಯಕ್ಕೆ ಅಗ್ರಸ್ಥಾನ ಕೊಡತಕ್ಕದ್ದೆಂಬುದು ದೃಢವಾಗಿ ಮನದಟ್ಟಾಗಿದೆ.

ಮೊದಲ ಕೆಲಸವೆಂದರೆ, ಅಂಗಡಿಗೆ ಹೋಗುವ ಮುನ್ನ ಈಗಿರುವ ಟೈರಿನ ಪಕ್ಕೆಯ ಮೇಲೆ ಉಬ್ಬಚ್ಚಿನಲ್ಲಿರುವ ಅಂಕಿಗಳನ್ನು ಬರೆದುಕೊಳ್ಳುವುದು. 40-622 ಎಂದಿದ್ದರೆ ಮೊದಲನೆಯದು ಟೈರಿನ ಅಗಲ, ಎರಡನೆಯದು ಅದರ ಅಂಚು ರಿಮ್ಮಿನ ಮೇಲೆ ಕೂರುವೆಡೆಯ ವ್ಯಾಸ. ಎರಡೂ ಮಿಲಿಮೀಟರಿನ ಲೆಕ್ಕ. ಇಂಚಿನ ಲೆಕ್ಕವನ್ನು ನೆಚ್ಚಬಾರದು. ಇಪ್ಪತ್ತಾರು ಇಂಚೆಂಬ ಒಂದೇ ಹೆಸರಿನಿಂದ ಮಾರಲ್ಪಡುವ ಎಂಟಿಬಿ ಟೈರಿನ ವ್ಯಾಸ 559, ಹೆಂಗಸರ ಸೈಕಲ್ಲಿನ 26 × 1⅜ ಟೈರಿನದು 590. ಒಂದರ ಟೈರು ಇನ್ನೊಂದರ ರಿಮ್ಮಿಗೆ ಎಂದಿಗೂ ಒಗ್ಗದು.

ಇದನ್ನು ನಾನು ಕಲಿತದ್ದು ತೀರ್ಥಹಳ್ಳಿಯ ದಾರಿಯಲ್ಲಿ. ಶಿವಮೊಗ್ಗದಿಂದ ಆಗುಂಬೆಗೆ ಹೊರಟಿದ್ದ ನಮ್ಮ ಹಿಂದಿನ ಟೈರಿನ ಪಕ್ಕೆ ಒಡೆದ ಗಾಜಿಗೆ ಸಿಕ್ಕಿ ಎರಡು ಬೆರಳಗಲ ಸೀಳಿತು. ಊರಿನ ಸೈಕಲ್ ಶಾಪಿನಲ್ಲಿ ತೂಗುಹಾಕಿದ್ದ ದೊಡ್ಡ ಟೈರುಗಳೆಲ್ಲವೂ ನಮ್ಮ ಹಾಲಿನವರು ಓಡಿಸುವ ಕರಿಯ ಸೈಕಲ್ಲಿನ 28 × 1½, ಅಂದರೆ 635. ನಮ್ಮ ರಿಮ್ಮು 622. ಆ ಹದಿಮೂರು ಮಿಲಿಮೀಟರಿನ ಅಂತರಕ್ಕಾಗಿ ನಾನು ಬಸ್ಸು ಹತ್ತಿ ಸುಮಾರು 60 ಕಿಲೋಮೀಟರು ಹಿಂದಿರುಗಬೇಕಾಯಿತು. ಅಣ್ಣ ಆ ಅಂಗಡಿಯ ಜಗಲಿಯ ಮೇಲೆ ಸಂಜೆಯವರೆಗೆ ಕುಳಿತಿದ್ದನು. ಆದುದರಿಂದ ಹೊಸದಾಗಿ ಜೋಡಿ ಸೈಕಲ್ಲು ಕೊಳ್ಳುವವರು, ಸಾಧ್ಯವಾದರೆ, 559ರ ಚಕ್ರಗಳುಳ್ಳದ್ದನ್ನೇ ಆರಿಸಲಿ. ಆ ಅಳತೆಯ ಟೈರು ತಾಲ್ಲೂಕು ಕೇಂದ್ರಗಳಲ್ಲಿಯೂ ದೊರೆಯುತ್ತದೆ. 622 ಇರುವವರು ಒಂದು ಟೈರನ್ನು ಹೊತ್ತೇ ಹೊರಡತಕ್ಕದ್ದು.

ತರುವಾಯ ಅಗಲದ ವಿಚಾರ. ಸವಾರರಿಬ್ಬರು, ಸೈಕಲ್ಲು, ಚೀಲಗಳು ಸೇರಿ 160 ಕಿಲೋ ಆದವೆನ್ನೋಣ. ಒಂಟಿ ಸೈಕಲ್ಲಿನಲ್ಲಿ ಭಾರದ ಹೆಚ್ಚಿನ ಪಾಲು ಹಿಂಚಕ್ರದ ಮೇಲೆ ಬೀಳುವುದಾದರೆ, ಇಲ್ಲಿ ಅದು ಎರಡು ಚಕ್ರಗಳಿಗೂ ಹೆಚ್ಚುಕಡಿಮೆ ಸಮನಾಗಿ, ತಲಾ 80 ಕಿಲೋ ಹಂಚಿಹೋಗುತ್ತದೆ. ಈ ಭಾರವನ್ನು 40 ಮಿಲಿಮೀಟರಿನ ಟೈರು ಹೊರಬೇಕಾದರೆ 70 ಪೌಂಡಿನಷ್ಟು ಗಾಳಿ ಬೇಕು. 50 ಮಿಲಿಮೀಟರಿನದಕ್ಕೆ 50 ಪೌಂಡು ಸಾಕಾಗುತ್ತದೆ. ಗುಂಡಿ ಬಿದ್ದ ನಮ್ಮ ರಸ್ತೆಗಳಲ್ಲಿ ಅಗಲವಾದ ಟೈರಿನ ಮೃದುತ್ವವೇ ಹಿಂದಿನ ಸವಾರರ ಬೆನ್ನೆಲುಬಿಗೆ ರಕ್ಷೆ, ಏಕೆಂದರೆ ಬರಲಿರುವ ಗುಂಡಿಯನ್ನು ಕಾಣದೆ ಅವರು ಸೀಟಿನಿಂದ ಮೈಯೆತ್ತಿ ಆ ಪೆಟ್ಟನ್ನು ತಪ್ಪಿಸಿಕೊಳ್ಳಲಾರರು. ಚೌಕಟ್ಟಿನಲ್ಲಿಯೂ ಬ್ರೇಕಿನಲ್ಲಿಯೂ ಎಷ್ಟು ಎಡೆಯಿದೆಯೋ ಅಷ್ಟು ಅಗಲಕ್ಕೆ ಹೋಗಬಹುದು. ಆದರೆ ಪಕ್ಕೆಯ ಮೇಲೆ ಮುದ್ರಿಸಿರುವ ಗರಿಷ್ಠ ಒತ್ತಡವನ್ನು ಮೀರಬಾರದು. ಡಾಂಬರು ರಸ್ತೆಗೆ ನುಣುಪಾದ ಮೈಯೇ ಲೇಸು.

ಹೊಸ ಟೈರು ಯಾವಾಗಲೂ ಮುಂದಿನ ಚಕ್ರಕ್ಕೆ ಸಲ್ಲತಕ್ಕದ್ದು. ಹಿಂದಿನದು ಬೇಗ ಸವೆಯುವುದರಿಂದ ಅದನ್ನೇ ಬದಲಿಸಿ ಸುಮ್ಮನಾಗುವವರುಂಟು; ಆದರೆ ಹಿಂದಿನ ಟೈರು ಸಿಡಿದರೆ ಸೈಕಲ್ಲು ಓಲಾಡುತ್ತಲಾದರೂ ನಿಲ್ಲುತ್ತದೆ, ಮುಂದಿನದು ಸಿಡಿದರೆ ಇಬ್ಬರನ್ನೂ ನೆಲಕ್ಕೆ ಕೆಡಹುತ್ತದೆ. ಹೀಗಾಗಿ ಮುಂದಿನದನ್ನು ಹಿಂದಕ್ಕೆ ಸರಿಸಿ, ಹೊಸದನ್ನು ಮುಂದೆ ಹಾಕುವುದೇ ವಿವೇಕ.

ಹದಿನಾಲ್ಕು ತಿರುವುಗಳ ಆಗುಂಬೆ ಘಾಟಿಯನ್ನಿಳಿಯುವಾಗ ಇನ್ನೊಂದು ಅಪಾಯವಿದೆ. ಇಬ್ಬರ ಭಾರವನ್ನು ರಿಮ್ ಬ್ರೇಕಿನಿಂದ ತಡೆದಾಗ ಹುಟ್ಟುವ ಶಾಖವೆಲ್ಲವೂ ಎರಡೇ ರಿಮ್ಮುಗಳಿಗೆ ಏರುತ್ತದೆ; ಒಳಗಿನ ಗಾಳಿ ಹಿಗ್ಗುತ್ತದೆ, ರಿಮ್ಮಿನೊಳಗಿನ ಪ್ಲಾಸ್ಟಿಕ್ ಪಟ್ಟಿ ಮೆತ್ತಗಾಗಿ ಟ್ಯೂಬು ಕಡ್ಡಿಯ ತೂತಿನೊಳಕ್ಕೆ ಉಬ್ಬಿ ಒಡೆಯುತ್ತದೆ. ಬಟ್ಟೆಯ ಪಟ್ಟಿಯನ್ನು ಹಾಕಿಸಿಕೊಂಡು, ಕೆಲವು ತಿರುವಿಗೊಮ್ಮೆ ನಿಂತು ರಿಮ್ಮನ್ನು ಆರಗೊಡಬೇಕು. ಡಿಸ್ಕ್ ಬ್ರೇಕುಳ್ಳವರಿಗೆ ಟೈರಿನ ಈ ಭಯ ತಪ್ಪುತ್ತದೆ.

ಇನ್ನು ಬುತ್ತಿ. ಅಂಚಿನಲ್ಲಿ ಉಕ್ಕಿನ ತಂತಿಯ ಬದಲು ಕೆವ್ಲಾರ್ ದಾರವಿರುವ, ಮಡಚಬಹುದಾದ ಟೈರೊಂದು ಚೀಲದ ತಳದಲ್ಲಿ ಅಡಗಿಬಿಡುತ್ತದೆ. ತಂತಿಯದೇ ಆದರೆ ಮುರಿಯದಂತೆ ಮೂರು ಸುತ್ತಾಗಿ ಸುತ್ತಿ ಕ್ಯಾರಿಯರಿಗೆ ಕಟ್ಟಬಹುದು. ಎರಡು ಟ್ಯೂಬುಗಳನ್ನು ಪೌಡರು ಹಚ್ಚಿ ಬಟ್ಟೆಯಲ್ಲಿ ಸುತ್ತಿಡಬೇಕು. ಬರಿದೆ ಇಟ್ಟರೆ ಪಾನಾಗಳಿಗೆ ಉಜ್ಜಿ ಚೀಲದಲ್ಲಿಯೇ ತೂತಾಗುತ್ತವೆ. ರಿಮ್ಮಿನ ತೂತು ಅನುವಾದರೆ ಮೋಟಾರುಬೈಕಿನ ಬಗೆಯ ವಾಲ್ವುಳ್ಳ ಟ್ಯೂಬನ್ನೇ ಕೊಳ್ಳಿರಿ. ಯಾವ ಪಂಚರ್ ಅಂಗಡಿಯಲ್ಲಿಯೂ ಗಾಳಿ ದೊರೆಯುತ್ತದೆ. ಪ್ಯಾಚುಗಳೊಡನೆ ಒಡೆಯದ ಸಲ್ಯೂಷನ್ ಟ್ಯೂಬು ಇರಲಿ, ಒಮ್ಮೆ ತೆರೆದದ್ದು ಒಣಗಿಹೋಗಿರುತ್ತದೆ. ಹಳೆಯ ಟೈರಿನಿಂದ ಅಂಗೈಯಗಲದ ತುಂಡೊಂದನ್ನು ಕತ್ತರಿಸಿ ಇಟ್ಟುಕೊಂಡರೆ, ಸೀಳಿದ ಪಕ್ಕೆಗೆ ಒಳಗಿನಿಂದ ಒತ್ತುಕೊಟ್ಟು ಮುಂದಿನ ಊರನ್ನು ನಿಧಾನವಾಗಿ ಸೇರಬಹುದು. ಅಂದು ತೀರ್ಥಹಳ್ಳಿಯಲ್ಲಿ ನನ್ನ ಬಳಿ ಅದೂ ಇರಲಿಲ್ಲ. ನಾಲ್ಕು ಕಡ್ಡಿಗಳು, ಒಂದು ಚೈನ್ ಲಿಂಕು, ಹಿಂದಿನ ಬ್ರೇಕಿನ ಹಾಗೂ ಗೇರಿನ ಕೇಬಲ್ಲುಗಳು ಸಹ ಬೇಕು. ಈ ಕೇಬಲ್ಲುಗಳನ್ನು ಮರೆಯಲೇಬಾರದು, ಏಕೆಂದರೆ ಸಾಮಾನ್ಯ ಸೈಕಲ್ಲಿನ ಕೇಬಲ್ಲು ಜೋಡಿ ಸೈಕಲ್ಲಿನ ಉದ್ದಕ್ಕೆ ಎಟಕುವುದಿಲ್ಲ.

ಪಂಚರಾದಾಗ ಟ್ಯೂಬು ಬದಲಿಸುವ ಮೊದಲು ಕಾರಣವನ್ನು ಕಂಡುಹಿಡಿಯಬೇಕು. ಬಯಲುಸೀಮೆಯಲ್ಲಿ ಬಳ್ಳಾರಿ ಜಾಲಿಯ ಮುಳ್ಳು, ಹೆದ್ದಾರಿಯ ಅಂಚಿನಲ್ಲಿ ಸಿಡಿದ ಲಾರಿ ಟೈರಿನ ಕೂದಲೆಳೆಯ ತಂತಿ, ಟೈರಿನೊಳಗೆ ಉಳಿದು ಹೊಸ ಟ್ಯೂಬನ್ನೂ ಚುಚ್ಚುತ್ತವೆ. ಹತ್ತಿಯ ಉಂಡೆಯೊಂದನ್ನು ಒಳಮೈಯ ಸುತ್ತ ಸವರಿದರೆ ಎಳೆ ಸಿಕ್ಕಿಕೊಂಡಲ್ಲಿ ಮುಳ್ಳಿದೆಯೆಂದು ಅರ್ಥ. ನಮ್ಮಲ್ಲಿ ಆ ಕೆಲಸ ಅಣ್ಣನದು. ನಾನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿ ನೋಡಿ ಏನೂ ಇಲ್ಲವೆಂದ ಟೈರನ್ನು ಅವನು ತೊಡೆಯ ಮೇಲಿಟ್ಟುಕೊಂಡು, ಹತ್ತಿಯಿಂದ ಮೆಲ್ಲಗೆ ಸವರುತ್ತ ಬಂದು, ಒಂದೆಡೆ ನಿಂತು, “ಇಲ್ಲಿ ನೋಡೋ” ಎನ್ನುತ್ತಾನೆ.